ದಂಡಿನ ಬೆನ್ನಿಗೆ ಹೇರೆತ್ತು

ರೈಲು ಬರುವ ಮೊದಲು ಕರ್ನಾಟಕದಲ್ಲಿ ನಡೆದ ಯುದ್ಧಗಳಲ್ಲಿ ಸಿಪಾಯಿಯ ಅಕ್ಕಿ, ಕುದುರೆಯ ಹುರುಳಿ, ತೋಪಿನ ಗುಂಡು, ಬಿಡಾರದ ಡೇರೆ ಎಲ್ಲವೂ ಬಹುಪಾಲು ಎತ್ತಿನ ಬಲದಿಂದಲೇ ಸಾಗುತ್ತಿದ್ದವು. ಈ ಸಾಗಣೆಯಲ್ಲಿ ಎರಡು ಬಗೆಯಿತ್ತು. ಒಂದು, ಬೆನ್ನಿನ ಎರಡೂ ಬದಿಗೆ ಗೋಣಿ ಇಳಿಬಿಟ್ಟುಕೊಂಡು ನಡೆಯುವ ಹೇರೆತ್ತು. ಇನ್ನೊಂದು, ತೋಪಿನ ಗಾಡಿಗೂ ಬಂಡಿಗೂ ಹೆಗಲು ಕೊಡುವ ಎತ್ತು. ಮೊದಲನೆಯದನ್ನು ನಡೆಸಿದವರು ಮುಖ್ಯವಾಗಿ ಲಂಬಾಣಿಗರು. ಎರಡನೆಯದರಲ್ಲಿ ಹೆಸರು ಮಾಡಿದ್ದು ಮೈಸೂರಿನ ಅಮೃತಮಹಲ್ ತಳಿ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಶ್ರೀರಂಗಪಟ್ಟಣದಿಂದ ಕೃಷ್ಣಾ ತೀರದವರೆಗೆ ನಡೆದ ಕದನಗಳಲ್ಲಿ ಗೆಲುವು ಸೋಲುಗಳನ್ನು ತೀರ್ಮಾನಿಸಿದ್ದರಲ್ಲಿ ಈ ಎತ್ತುಗಳ ಪಾಲು ಬಂದೂಕಿನ ಪಾಲಿಗಿಂತ ಕಡಿಮೆಯೇನಲ್ಲ. ಯುದ್ಧದ ಕಥೆ ಬರೆದವರು ಕೋಟೆ ಹತ್ತಿದವನ ಹೆಸರು ಉಳಿಸಿದರು. ಆ ಕೋಟೆಯ ಬುಡದವರೆಗೆ ಅಕ್ಕಿ ಹೊತ್ತು ತಂದವರ ಹೆಸರುಗಳು ಹೆಚ್ಚಾಗಿ ಉಳಿಯಲಿಲ್ಲ.

ಈ ವಿಷಯವನ್ನು ಅರಿಯಲು ರಾಯಚೂರು ದೋಆಬಿಗಿಂತ ಒಳ್ಳೆಯ ನೆಲವಿಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಮುದಗಲ್ಲು, ಲಿಂಗಸುಗೂರು, ಹಟ್ಟಿ, ಮಸ್ಕಿ, ಸಿಂಧನೂರು, ಮಾನ್ವಿ, ರಾಯಚೂರು. ಬಹಮನಿಗಳೂ ವಿಜಯನಗರದವರೂ, ಆಮೇಲೆ ಬಿಜಾಪುರದವರೂ ಈ ನೆಲಕ್ಕಾಗಿ ತಲೆಮಾರುಗಟ್ಟಲೆ ಕಾದಾಡಿದರು. ಇಲ್ಲಿ ಎರೆ ಭೂಮಿ ಹೆಚ್ಚು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಗಟ್ಟಿಯಾಗಿರುವ ಎರೆ, ಮಳೆ ಬಿದ್ದ ಮೇಲೆ ಬಂಡಿಯ ಗಾಲಿಯನ್ನು ಅಚ್ಚಿನವರೆಗೆ ನುಂಗುತ್ತದೆ. ತುಂಬಿದ ಬಂಡಿ ಹೂತು ನಿಲ್ಲುವ ದಾರಿಯಲ್ಲಿ ಹೇರೆತ್ತು ಕಾಲು ಕಿತ್ತುಕೊಂಡು ಹೇಗೋ ಮುಂದೆ ಸಾಗುತ್ತದೆ. ಎರಡೂ ನದಿಗಳಲ್ಲಿ ಬಂಡೆಗಲ್ಲು, ಸೆಳವು, ಮಡುವು ಹೆಚ್ಚಾದ್ದರಿಂದ ಸರಕು ತುಂಬಿದ ದೊಡ್ಡ ದೋಣಿಗಳು ನೀರಿನ ಗುಂಟ ಓಡಾಡುವ ರೂಢಿ ಬೆಳೆಯಲಿಲ್ಲ. ನದಿಯನ್ನು ಅಡ್ಡ ದಾಟಲು ಮಾತ್ರ ಹರಿಗೋಲು. ಹೀಗಾಗಿ ನೀರಿನ ದಾರಿಯೂ ಇಲ್ಲದ, ಗಾಡಿ ದಾರಿಯೂ ಅರೆಬರೆಯಾದ ಈ ಸೀಮೆಯಲ್ಲಿ ಸೈನ್ಯ ನಡೆಸುವುದೆಂದರೆ ಎತ್ತುಗಳನ್ನು ಹೊಂದಿಸುವುದೇ ಆಗಿತ್ತು.

ವಿಜಯದಶಮಿಯ ಹೊತ್ತಿಗೆ ದಂಡು ಹೊರಡಿಸುವ ಹಳೆಯ ಪದ್ಧತಿಯ ಹಿಂದೆಯೂ ಇದೇ ಲೆಕ್ಕವಿದೆ. ಆಗ ಹೊಳೆ ಇಳಿಯುತ್ತದೆ, ದಾರಿ ಒಣಗುತ್ತದೆ, ಹುಲ್ಲು ಇನ್ನೂ ಹಸಿರಾಗಿರುತ್ತದೆ, ಕೆರೆಗಳಲ್ಲಿ ನೀರಿರುತ್ತದೆ. ಬಿಳಿಜೋಳ ಕೊಯ್ದ ಮೇಲೆ ಊರೂರಲ್ಲಿ ಕಣಿಕಿಯ ಬಣವೆಗಳು ಏಳುತ್ತವೆ, ಹಗೇವುಗಳಲ್ಲಿ ಜೋಳ ತುಂಬುತ್ತದೆ. ನೆಲದೊಳಗಿನ ಆ ಹಗೇವುಗಳು ರೈತನ ಉಳಿತಾಯವಾಗಿದ್ದವು. ಬಂದ ದಂಡಿಗೆ ಅವೇ ಉಗ್ರಾಣ. ಯಾವ ಅಂಗಳದಲ್ಲಿ ಹಗೇವು ಇದೆ ಎಂದು ಪತ್ತೆ ಹಚ್ಚಿ ಅಗೆದು ಒಯ್ಯುವುದು ಸೈನ್ಯಗಳಿಗೆ ರೂಢಿಯ ಕೆಲಸವಾಗಿತ್ತು. ದಂಡು ಹಾದುಹೋದ ಊರಿನಲ್ಲಿ ಮುಂದಿನ ವರ್ಷದ ಬಿತ್ತನೆಗೂ ಕಾಳು ಉಳಿಯುತ್ತಿರಲಿಲ್ಲ ಎಂಬುದನ್ನು ಯುದ್ಧದ ಲೆಕ್ಕ ಬರೆಯುವಾಗ ಮರೆಯಬಾರದು.

1520ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗಿನ ವಿವರಗಳನ್ನು ಪೋರ್ತುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿಟ್ಟಿದ್ದಾನೆ. ಅವನು ಕೊಡುವ ಸೈನ್ಯದ ಸಂಖ್ಯೆಗಳು ನಂಬಲಾರದಷ್ಟು ದೊಡ್ಡವು. ಆದರೆ ವ್ಯವಸ್ಥೆಯ ಬಗ್ಗೆ ಅವನು ಹೇಳುವುದು ಗಮನಿಸುವಂತಿದೆ. ನೀರಿನ ಚರ್ಮದ ಚೀಲ ಹೊತ್ತ ಸಾವಿರಾರು ಜನ ದಾರಿಯುದ್ದಕ್ಕೂ ಅಲ್ಲಲ್ಲಿ ನಿಂತು, ನೀರು ತರಿಸಿಕೊಳ್ಳಲು ಆಳುಗಳಿಲ್ಲದ ಸಾಮಾನ್ಯ ಸೈನಿಕನಿಗೆ ನೀರು ಕೊಡುತ್ತಿದ್ದರಂತೆ. ಬಿಡಾರದೊಳಗೆ ಪೇಟೆಗಳಿದ್ದವು. ಊರಿನಲ್ಲಿ ಸಿಗುವುದೆಲ್ಲ ಅಲ್ಲಿ ಹಣ ಕೊಟ್ಟರೆ ಸಿಗುತ್ತಿತ್ತು, ಒಡವೆ ಮಾಡುವ ಅಕ್ಕಸಾಲಿಗರೂ ಇದ್ದರು. ಅಂದರೆ ರಾಜನ ಉಗ್ರಾಣವೇ ಎಲ್ಲರಿಗೂ ಅನ್ನ ಹಾಕುತ್ತಿರಲಿಲ್ಲ. ರಾಜ ಸಂಬಳ ಕೊಡುತ್ತಿದ್ದ, ಸೈನಿಕ ಆ ಸಂಬಳದಲ್ಲಿ ಬಿಡಾರದ ಬಜಾರಿನಿಂದ ಕಾಳು ಕೊಳ್ಳುತ್ತಿದ್ದ, ಆ ಬಜಾರನ್ನು ತುಂಬಿಸುವುದು ವ್ಯಾಪಾರಿಗಳ ಕೆಲಸ. ದಖ್ಖನಿನ ಸೈನ್ಯಗಳು ಮುನ್ನೂರು ವರ್ಷ ಬಹುಮಟ್ಟಿಗೆ ಇದೇ ಕ್ರಮದಲ್ಲಿ ಉಂಡವು. ಬಜಾರು ಖಾಲಿಯಾದ ದಿನ ಸೈನ್ಯ ಕರಗುತ್ತಿತ್ತು.

ಬಜಾರು ಖಾಲಿಯಾಗದಂತೆ ನೋಡಿಕೊಳ್ಳುವುದು ಎಷ್ಟು ದೊಡ್ಡ ಕೆಲಸವೆಂದು ಒಂದು ಚಿಕ್ಕ ಲೆಕ್ಕದಿಂದ ತಿಳಿಯುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಒಂದು ಎತ್ತಿನ ಹೇರು ಎಂದರೆ 72 ಸೇರು ಅಕ್ಕಿ. ಒಬ್ಬನಿಗೆ ದಿನಕ್ಕೆ ಒಂದು ಸೇರು ಎಂದುಕೊಂಡರೆ 20,000 ಯೋಧರಿಗೆ ಒಂದು ದಿನಕ್ಕೆ ಸುಮಾರು 280 ಹೇರು, ಮೂವತ್ತು ದಿನಕ್ಕೆ 8,300ಕ್ಕೂ ಮೇಲೆ. ಆದರೆ ಆ ಕಾಲದ ದಂಡಿನಲ್ಲಿ ಯೋಧರಿಗಿಂತ ಹಿಂಬಾಲಕರೇ ಹಲವು ಪಟ್ಟು ಹೆಚ್ಚು. ಅಡುಗೆಯವರು, ಹುಲ್ಲು ಕೊಯ್ಯುವವರು, ಡೋಲಿ ಹೊರುವವರು, ಅಗಸರು, ಅಂಗಡಿಯವರು, ಅವರವರ ಹೆಂಡಿರು ಮಕ್ಕಳು. ಕುದುರೆಗೆ ಕಾಳು ಬೇರೆ, ತೋಪೆಳೆಯುವ ಎತ್ತಿಗೆ ಕಾಳು ಬೇರೆ. ಕೋಟೆಯ ಗೋಡೆ ಒಡೆಯುವ 24 ಪೌಂಡಿನ ಒಂದು ತೋಪನ್ನು ಎಳೆಯಲು ನಲವತ್ತಕ್ಕೂ ಹೆಚ್ಚು ಎತ್ತು ಬೇಕಾಗುತ್ತಿತ್ತು, ಏರು ಬಂದಲ್ಲಿ ಹಿಂದಿನಿಂದ ಹಣೆಕೊಟ್ಟು ತಳ್ಳಲು ಆನೆಯೂ ಬೇಕಿತ್ತು. ಎತ್ತುಗಳ ಸಂಖ್ಯೆ ಹೆಚ್ಚಿದಷ್ಟೂ ಮೇವಿನ ಬೇಡಿಕೆ ಹೆಚ್ಚು. ಮೇವನ್ನು ಹೊತ್ತೊಯ್ಯುವುದು ಆಗದ ಮಾತು, ದಾರಿಯಲ್ಲೇ ಸಿಗಬೇಕು. ಶತ್ರು ದಾರಿಯ ಹುಲ್ಲಿಗೆ ಬೆಂಕಿ ಇಟ್ಟರೆ ಎತ್ತು ಸಾಯುತ್ತದೆ, ಎತ್ತು ಸತ್ತರೆ ಅಕ್ಕಿ ನಿಲ್ಲುತ್ತದೆ, ಅಕ್ಕಿ ನಿಂತರೆ ದಂಡು ಹಿಂದಿರುಗುತ್ತದೆ.

ಈ ಸರಪಳಿಯಲ್ಲಿ ಲಂಬಾಣಿಗರ ಸ್ಥಾನ ವಿಶೇಷವಾದದ್ದು. ಬಂಜಾರ, ಲಮಾಣಿ, ಲಂಬಾಡಿ ಎಂದೆಲ್ಲ ಕರೆಸಿಕೊಂಡ ಇವರು ಶಾಂತಿಕಾಲದಲ್ಲಿ ಕರಾವಳಿಯ ಉಪ್ಪನ್ನು ಒಳನಾಡಿಗೆ, ಒಳನಾಡಿನ ಕಾಳನ್ನು ಕರಾವಳಿಗೆ ಸಾಗಿಸುತ್ತಿದ್ದ ಅಲೆಮಾರಿ ವ್ಯಾಪಾರಿಗಳು. 1632ರಲ್ಲಿ ಉತ್ತರ ಭಾರತದಲ್ಲಿ ಓಡಾಡಿದ ಇಂಗ್ಲಿಷ್ ವ್ಯಾಪಾರಿ ಪೀಟರ್ ಮಂಡಿ 14,000 ಎತ್ತುಗಳ ಒಂದು ತಾಂಡಾವನ್ನು, ಅಂದರೆ ಒಟ್ಟಾಗಿ ಸಾಗುವ ಲಂಬಾಣಿ ತಂಡವನ್ನು, ಕಂಡದ್ದಾಗಿ ಬರೆದಿದ್ದಾನೆ. ಫ್ರಾನ್ಸಿನ ಪ್ರವಾಸಿ ತಾವೆರ್ನಿಯೆ ಹೇಳುವಂತೆ ಅವರಲ್ಲಿ ನಾಲ್ಕು ಪಂಗಡಗಳಿದ್ದು, ಒಂದೊಂದು ಪಂಗಡ ಕಾಳು, ಅಕ್ಕಿ, ಬೇಳೆ, ಉಪ್ಪು ಹೀಗೆ ಒಂದೊಂದೇ ಸರಕನ್ನು ಹೊರುತ್ತಿತ್ತು. ದಿನಕ್ಕೆ ಆರೇಳು ಮೈಲಿಗಿಂತ ಹೆಚ್ಚು ನಡೆಯುತ್ತಿರಲಿಲ್ಲ. ನಿಧಾನವೇ ಅವರ ಬಂಡವಾಳ. ಎತ್ತು ದಾರಿಯ ಹುಲ್ಲು ಮೇಯುತ್ತಲೇ ಸಾಗುವುದರಿಂದ ಮೇವಿಗೆ ಕಾಸು ಖರ್ಚಿಲ್ಲ. ಹಾಗಾಗಿ ಇನ್ನಾವ ಸಾಗಣೆದಾರನಿಗೂ ಸಾಧ್ಯವಾಗದಷ್ಟು ಅಗ್ಗವಾಗಿ ದೂರದ ಕಾಳನ್ನು ಅವರು ತಂದಿಳಿಸಬಲ್ಲವರಾಗಿದ್ದರು. ಗೆಜ್ಜೆ, ಕವಡೆಗಳಿಂದ ಸಿಂಗರಿಸಿದ ಮುಂದಾಳು ಎತ್ತಿನ ಹಿಂದೆ ಮಂದೆಯೆಲ್ಲ ಸಾಗುತ್ತಿತ್ತು. ಸಂಜೆ ಇಳಿದಲ್ಲಿ ಗೋಣಿಗಳನ್ನೇ ಸುತ್ತಲೂ ಪೇರಿಸಿ ಗೋಡೆ ಮಾಡುತ್ತಿದ್ದರು, ನಾಯಿಗಳು ಕಾಯುತ್ತಿದ್ದವು. ಹೆಂಗಸರು ಮಕ್ಕಳೆಲ್ಲ ತಾಂಡಾದೊಂದಿಗೇ ನಡೆಯುತ್ತಿದ್ದರು. ತಾಂಡಾದ ಮಾತು ಎಂದರೆ ನಾಯಕನ ಮಾತು.

ಯುದ್ಧ ಬಂದಾಗ ಈ ವ್ಯಾಪಾರ ನಿಲ್ಲುತ್ತಿರಲಿಲ್ಲ, ದಿಕ್ಕು ಬದಲಿಸುತ್ತಿತ್ತು ಅಷ್ಟೆ. ಕಾಳು ಅಗ್ಗವಾಗಿರುವ ಸೀಮೆಯಲ್ಲಿ ಕೊಂಡು ದುಬಾರಿಯಾಗಿರುವ ಬಿಡಾರದಲ್ಲಿ ಮಾರುವುದು ಅವರ ನಿತ್ಯದ ಕಸುಬೇ. ಯುದ್ಧಭೂಮಿಯಷ್ಟು ದುಬಾರಿ ಪೇಟೆ ಇನ್ನೆಲ್ಲಿದೆ? ಆರ್ಥರ್ ವೆಲ್ಲೆಸ್ಲಿ, ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದವನು, ತನ್ನ ಟಿಪ್ಪಣಿಯೊಂದರಲ್ಲಿ ಇವರನ್ನು ಕುರಿತು ಇದೇ ಮಾತನ್ನು ಬರೆದಿದ್ದಾನೆ: ಶಾಂತಿಕಾಲದಲ್ಲಿ ಮಾಡುವ ವ್ಯಾಪಾರವನ್ನೇ ಹೆಚ್ಚುಕಡಿಮೆ ಅದೇ ರೀತಿಯಲ್ಲಿ ಅವರು ಸೈನ್ಯದೊಂದಿಗೂ ಮಾಡುತ್ತಾರೆ ಎಂದು. ಅವರು ಯಾರ ಆಳುಗಳೂ ಅಲ್ಲ. ಒಂದೇ ಯುದ್ಧದಲ್ಲಿ ಎರಡೂ ಕಡೆಗೆ ಕಾಳು ಮಾರುವ ತಾಂಡಾಗಳಿದ್ದವು. ಎರಡೂ ಕಡೆಯವರು ಅವರನ್ನು ಮುಟ್ಟದೆ ಬಿಡುತ್ತಿದ್ದುದೂ ಉಂಟು, ಏಕೆಂದರೆ ನಾಳೆ ತನ್ನ ಬಿಡಾರಕ್ಕೂ ಅದೇ ಎತ್ತು ಬರಬೇಕು.

ಆದ್ದರಿಂದ ಈ ಸಾಗಣೆಯನ್ನು ನಿರ್ವಹಿಸುವ ಕಲೆ ಹುಕುಂ ಹೊರಡಿಸುವ ಕಲೆಯಾಗಿರಲಿಲ್ಲ. ನಾಯಕನಿಗೆ ಕೌಲು ಕೊಡಬೇಕು, ಅಂದರೆ ದಾರಿಯಲ್ಲಿ ಸುಂಕದವರಾಗಲಿ ಸಿಪಾಯಿಗಳಾಗಲಿ ಅಡ್ಡಿ ಮಾಡದಂತೆ ಅಭಯಪತ್ರ. ತಂದ ಕಾಳಿಗೆ ಆಗಿಂದಾಗ್ಗೆ ನಗದು ಸಿಗಬೇಕು. ಬಿಡಾರದಲ್ಲಿ ದರವನ್ನು ಬಲವಂತವಾಗಿ ಇಳಿಸಬಾರದು. ಇಳಿಸಿದರೆ ಇಂದಿನ ಕಾಳು ಅಗ್ಗವಾಗುತ್ತದೆ, ನಾಳೆಯ ಕಾಳು ಬರುವುದೇ ಇಲ್ಲ. ಲೂಟಿಯಾಗದಂತೆ ಕುದುರೆ ಕಾವಲು ಬೇಕು. ನಾಯಕನಿಗೆ ಶಾಲು, ಉಡುಗೊರೆ ಕೊಟ್ಟು ಮಾನ ತೋರಿಸಬೇಕು. ಲಂಬಾಣಿಗರ ನಡುವೆ ಉಳಿದುಬಂದ ಪ್ರಸಿದ್ಧ ಐತಿಹ್ಯವೊಂದು ಈ ನಂಟನ್ನು ಚೆನ್ನಾಗಿ ಹೇಳುತ್ತದೆ. ಹದಿನೇಳನೆಯ ಶತಮಾನದಲ್ಲಿ ಷಹಜಹಾನನ ವಜೀರ ಆಸಫ್ ಖಾನನ ದಖ್ಖನ್ ದಂಡಯಾತ್ರೆಗೆ ಭಂಗಿ, ಜಂಗಿ ಎಂಬ ನಾಯಕರು ಒಂದು ಲಕ್ಷ ಎಂಬತ್ತು ಸಾವಿರ ಎತ್ತುಗಳೊಂದಿಗೆ ಬಂದರಂತೆ. ಅವರಿಗೆ ಚಿನ್ನದ ಅಕ್ಷರದ ತಾಮ್ರಪಟ ಸಿಕ್ಕಿತಂತೆ. ನೀರು ಸಿಗದಿದ್ದರೆ ಮನೆಯ ಹಂಡೆಯ ನೀರು ತೆಗೆದುಕೊಳ್ಳಬಹುದು, ಮೇವಿಲ್ಲದಿದ್ದರೆ ಗುಡಿಸಲ ಮಾಡಿನ ಹುಲ್ಲು ಕೀಳಬಹುದು, ದಿನಕ್ಕೆ ಮೂರು ಕೊಲೆ ಮಾಡಿದರೂ ಮಾಫಿ, ಆದರೆ ಆಸಫನ ಕುದುರೆ ಇರುವಲ್ಲಿ ಅವರ ಎತ್ತೂ ಇರಲೇಬೇಕು ಎಂದು. ಸಂಖ್ಯೆ ಏನೇ ಇರಲಿ, ಸೈನ್ಯಕ್ಕೆ ಅವರ ಅಗತ್ಯ ಎಷ್ಟಿತ್ತೆಂಬುದಕ್ಕೂ, ಆ ಸವಲತ್ತಿನ ಹೊರೆ ಬಿದ್ದದ್ದು ದಾರಿಯ ಹಳ್ಳಿಗಳ ಮೇಲೆ ಎಂಬುದಕ್ಕೂ ಈ ಐತಿಹ್ಯ ಸಾಕ್ಷಿ.

ಸಾಗಣೆ ಕುಸಿದರೆ ಏನಾಗುತ್ತದೆ ಎಂಬುದಕ್ಕೆ 1791ರ ಬೇಸಿಗೆ ಅತ್ಯಂತ ಸ್ಪಷ್ಟ ಉದಾಹರಣೆ. ಮೂರನೆಯ ಮೈಸೂರು ಯುದ್ಧದಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಮಾರ್ಚ್ 21ರಂದು ಬೆಂಗಳೂರು ಕೋಟೆ ಹಿಡಿದು, ಮೇ ಮೊದಲ ವಾರ ಶ್ರೀರಂಗಪಟ್ಟಣದತ್ತ ಹೊರಟ. ನೇರ ದಾರಿ ಬಿಟ್ಟು ಕನಕಪುರದ ಕಾಡುದಾರಿ ಹಿಡಿದ. ಟಿಪ್ಪು ಸುಲ್ತಾನನ ಕಡೆಯವರು ದಾರಿಯ ಮೇವು ಸುಟ್ಟು, ಊರುಗಳನ್ನು ಖಾಲಿ ಮಾಡಿಸಿ, ಹಗುರ ಕುದುರೆ ದಳಗಳಿಂದ ಸುತ್ತಲೂ ಕಾಟ ಕೊಟ್ಟರು. ಮೇ 15ರಂದು ಅರಕೆರೆಯ ಬಳಿ ನಡೆದ ಕದನದಲ್ಲಿ ಇಂಗ್ಲಿಷರು ಗೆದ್ದರು. ಗೆದ್ದರೂ ಪ್ರಯೋಜನವಾಗಲಿಲ್ಲ. ಎತ್ತುಗಳು ಮೇವಿಲ್ಲದೆ ಸಾಲುಸಾಲಾಗಿ ಸತ್ತವು, ಉಳಿದವುಗಳಿಗೆ ತೋಪು ಕದಲಿಸುವ ಶಕ್ತಿಯಿರಲಿಲ್ಲ. ಅಕ್ಕಿಯ ಅಳತೆ ಇಳಿಯಿತು. ಮುಂಗಾರು ಕಾವೇರಿಯನ್ನು ತುಂಬಿಸತೊಡಗಿತು. ಮಲಬಾರಿನಿಂದ ಕೊಡಗಿನ ಮೂಲಕ ಪಿರಿಯಾಪಟ್ಟಣದವರೆಗೆ ಬಂದಿದ್ದ ಇಂಗ್ಲಿಷ್ ಸೇನಾಪತಿ ಅಬರ್‌ಕ್ರಾಂಬಿಯ ಸೈನ್ಯವನ್ನು ಕೂಡಿಕೊಳ್ಳಲಾಗಲಿಲ್ಲ. ಈಗ ಕೃಷ್ಣರಾಜಸಾಗರ ಅಣೆಕಟ್ಟು ಇರುವ ಕನ್ನಂಬಾಡಿಯ ಬಳಿ, ಕೋಟೆ ಒಡೆಯಲೆಂದು ಅಷ್ಟು ದೂರದಿಂದ ಎಳೆತಂದಿದ್ದ ಭಾರಿ ತೋಪುಗಳನ್ನು ಕಾರ್ನ್‌ವಾಲಿಸ್ ತಾನೇ ಒಡೆಸಿಹಾಕಿ ಮೇ 26ರಂದು ಹಿಂದಿರುಗಿದ. ರಣರಂಗದಲ್ಲಿ ಸೋಲದ ಸೈನ್ಯ ಹುಲ್ಲಿಲ್ಲದೆ ಸೋತಿತ್ತು.

ಹಿಂದಿರುಗುವ ಆ ದಾರಿಯಲ್ಲಿ ನಡೆದದ್ದು ಇನ್ನೂ ಕುತೂಹಲಕರ. ಚಿನಕುರಳಿಯ ಬಳಿ ಎದುರಿನಿಂದ ಕುದುರೆ ಸವಾರರು ಬಂದರು. ಶತ್ರುಗಳೆಂದು ತಿಳಿದವರು ಹರಿಪಂತ ಫಡಕೆ ಮತ್ತು ಪರಶುರಾಮಭಾವು ಪಟವರ್ಧನರ ನೇತೃತ್ವದ, ಇಂಗ್ಲಿಷರ ಮಿತ್ರರಾದ ಮರಾಠಾ ಸೈನ್ಯದವರಾಗಿದ್ದರು. ಅವರು ಬರುತ್ತಿರುವ ಸುದ್ದಿಯನ್ನು ಟಿಪ್ಪುವಿನ ಸವಾರರು ಇಂಗ್ಲಿಷರಿಗೆ ಮುಟ್ಟಲು ಬಿಟ್ಟಿರಲಿಲ್ಲ. ಮರಾಠರ ಬಿಡಾರದ ಬಜಾರಿನಲ್ಲಿ ಕಾಳುಕಡಿಯ ಜೊತೆಗೆ ಕಾಶ್ಮೀರದ ಶಾಲು, ವಿಲಾಯಿತಿ ಬಟ್ಟೆ, ಒಡವೆ, ನಾಣ್ಯ ಬದಲಿಸುವ ಸರಾಫರ ಮೇಜುಗಳು ಎಲ್ಲವೂ ಇದ್ದುದನ್ನು ಕಂಡು ಹಸಿದ ಇಂಗ್ಲಿಷ್ ಅಧಿಕಾರಿಗಳು ಬೆರಗಾದರು. ದರ ವಿಪರೀತವಾಗಿತ್ತು, ಆದರೆ ಸೈನ್ಯ ಉಂಡಿತು. ಎರಡು ಪದ್ಧತಿಗಳ ವ್ಯತ್ಯಾಸ ಅಲ್ಲಿ ಬಯಲಾಯಿತು. ಇಂಗ್ಲಿಷರು ಗುತ್ತಿಗೆಯ ಬಾಡಿಗೆ ಎತ್ತುಗಳ ಮೇಲೆ ನಿಂತಿದ್ದರು. ಮರಾಠರು ವ್ಯಾಪಾರಿಗಳನ್ನು ಜೊತೆಗೇ ನಡೆಸುತ್ತಿದ್ದರು.

ಮುಂದಿನ ಎಂಟು ತಿಂಗಳಲ್ಲಿ ಕಾರ್ನ್‌ವಾಲಿಸ್ ಪಾಠ ಕಲಿತ. ಸುದ್ದಿ ಸಂಗ್ರಹದ ಕೆಲಸ ನೋಡುತ್ತಿದ್ದ, ಮುಂದೆ ಬಾರಾಮಹಲಿನ ಕಲೆಕ್ಟರನಾದ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಲಂಬಾಣಿ ನಾಯಕರೊಂದಿಗೆ ಮಾತಾಡಿ ತಾಂಡಾಗಳನ್ನು ಇಂಗ್ಲಿಷ್ ಬಿಡಾರದ ಕಡೆಗೆ ತಿರುಗಿಸಿದ. ಬೆಂಗಳೂರಿಗೆ ಬರುವ ದಾರಿಯನ್ನು ಭದ್ರಪಡಿಸಲು ಅಕ್ಟೋಬರಿನಲ್ಲಿ ನಂದಿದುರ್ಗ, ಬೆಂಗಳೂರಿನಿಂದ ಶ್ರೀರಂಗಪಟ್ಟಣದ ದಾರಿಗಾಗಿ ಡಿಸೆಂಬರಿನಲ್ಲಿ ಸಾವನದುರ್ಗ ಹಿಡಿದರು. ಈ ಕೋಟೆಗಳನ್ನು ಹಿಡಿದದ್ದು ಮುಖ್ಯವಾಗಿ ಹೇರೆತ್ತಿನ ದಾರಿಗಾಗಿ ಎಂಬುದನ್ನು ಗಮನಿಸಬೇಕು. ಬೆಟ್ಟದ ಮೇಲಿನ ಕಾವಲು ದಂಡು ಕೆಳಗೆ ಹೋಗುವ ತಾಂಡಾವನ್ನು ಲೂಟಿ ಮಾಡುವಂತಿದ್ದರೆ ಯಾವ ನಾಯಕನೂ ಆ ದಾರಿ ತುಳಿಯುತ್ತಿರಲಿಲ್ಲ. 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರಪಾಳೆಯದ ಮೇಲೆ ದಾಳಿ ನಡೆದಾಗ ಸೈನ್ಯದ ಹಿಂದೆ ಕಾಳಿನ ಸಾಲು ತುಂಡಾಗದೆ ಬರುತ್ತಿತ್ತು. ಮುಂದಿನ ತಿಂಗಳು ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು ಒಪ್ಪಂದ ಮಾಡಿಕೊಳ್ಳಬೇಕಾಯಿತು.

ಹೇರಿನ ವಿಷಯದಲ್ಲಿ ಇಂಗ್ಲಿಷರು ಕಲಿತದ್ದು ಲಂಬಾಣಿಗರಿಂದಾದರೆ, ಎಳೆತದ ವಿಷಯದಲ್ಲಿ ಕಲಿತದ್ದು ಶತ್ರುವಿನಿಂದಲೇ. ಮೈಸೂರಿನ ಅರಸು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಾಲು ಬೆಣ್ಣೆಗಾಗಿ ಏರ್ಪಟ್ಟ ‘ಬೆಣ್ಣೆ ಚಾವಡಿ’ ಎಂಬ ಗೋಸಂಸ್ಥೆಯನ್ನು ಹೈದರಾಲಿ ಯುದ್ಧದ ಸಂಸ್ಥೆಯಾಗಿ ಬೆಳೆಸಿದ. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು ಕಟ್ಟುನಿಟ್ಟಾದ ನಿಯಮ ಬರೆಸಿದ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ತಳಿಗಳಿಂದ ಆಯ್ದ ಈ ದನಗಳಿಗೆ ರಾಜ್ಯದುದ್ದಕ್ಕೂ ಕಾವಲುಗಳೆಂಬ ಹುಲ್ಲುಗಾವಲು ಮೀಸಲಿದ್ದವು. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಇನ್ನೊಂದು. ಆಕಾರದಲ್ಲಿ ದೊಡ್ಡವಲ್ಲ, ಆದರೆ ನಡಿಗೆಯಲ್ಲಿ ಚುರುಕು, ಹಸಿವು ತಡೆಯುವುದರಲ್ಲಿ ಗಟ್ಟಿ. ಹೈದರಾಲಿ ಚಿದಂಬರಂ ಉಳಿಸಲು ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ್ದು, 1783ರಲ್ಲಿ ಟಿಪ್ಪು ಬಿದನೂರನ್ನು ಮರಳಿ ಪಡೆಯಲು ಒಂದೇ ತಿಂಗಳಲ್ಲಿ ಪರ್ಯಾಯದ್ವೀಪವನ್ನೇ ದಾಟಿದ್ದು ಈ ಎತ್ತುಗಳ ಬಲದಿಂದ ಎಂದು ಮೈಸೂರು ಗೆಜೆಟಿಯರ್ ದಾಖಲಿಸಿದೆ. ಸೋತ ದಿನವೂ ಶತ್ರುವಿನ ಕಣ್ಣೆದುರೇ ತೋಪುಗಳನ್ನು ಎಳೆದುಕೊಂಡು ಪಾರಾಗುವ ಶಕ್ತಿ ಮೈಸೂರು ಸೈನ್ಯಕ್ಕೆ ಬಂದದ್ದೂ ಇದರಿಂದಲೇ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಸಂಪತ್ತು ಗೆದ್ದವರ ಉಪಯೋಗಕ್ಕೆ ಬಂತು.

ಅದರ ಮೊದಲ ಪರೀಕ್ಷೆ ನಡೆದದ್ದು ಉತ್ತರ ಕರ್ನಾಟಕದಲ್ಲಿ, ಕೊನೆಗೊಂಡದ್ದು ರಾಯಚೂರು ದೋಆಬಿನಲ್ಲಿ. ಚನ್ನಗಿರಿಯ ಧೋಂಡಿಯಾ ವಾಘ್ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದು, ಚದುರಿದ ಮೈಸೂರು ಸವಾರರನ್ನು ಕೂಡಿಸಿಕೊಂಡು, ತುಂಗಭದ್ರೆಯ ಉತ್ತರಕ್ಕೆ ತನ್ನದೇ ಪಾಳೆಯ ಕಟ್ಟಿದ್ದ. ಅವನ ಬೆನ್ನು ಹತ್ತಿ ವೆಲ್ಲೆಸ್ಲಿ 1800ರ ಜೂನಿನಲ್ಲಿ ಹರಿಹರದ ಬಳಿ ನದಿ ದಾಟಿದ. ರಾಣೆಬೆನ್ನೂರು, ಸವಣೂರು, ಕುಂದಗೋಳ, ಡಂಬಳ ದಾಟಿ ಜುಲೈ 30ರಂದು ಮಲಪ್ರಭೆಯ ದಡದ ಮುನವಳ್ಳಿಯಲ್ಲಿ ಧೋಂಡಿಯಾನ ಬಿಡಾರದ ಮೇಲೆ ಬಿದ್ದ. ಆನೆ, ಒಂಟೆ, ಎತ್ತು, ಸಾಮಾನುಗಳ ದೊಡ್ಡ ಪಾಲು ಅಲ್ಲಿ ಧೋಂಡಿಯಾನ ಕೈತಪ್ಪಿತು, ಬಹಳಷ್ಟು ಹೊಳೆಪಾಲಾಯಿತು. ಸವಾರರು ಉಳಿದರು, ಅವರ ಹೊಟ್ಟೆಯ ವ್ಯವಸ್ಥೆ ಉಳಿಯಲಿಲ್ಲ. ವೆಲ್ಲೆಸ್ಲಿಗೂ ಮಲಪ್ರಭೆ ದಾಟಲು ದೋಣಿ ಇಲ್ಲದೆ ದಿನಗಳು ಕಳೆದವು, ಕಿತ್ತೂರಿನ ಕಡೆ ದೋಣಿ ಮಾಡಿಸಬೇಕಾಯಿತು. ಕೊನೆಗೆ ಧೋಂಡಿಯಾ ನಿಜಾಮನ ಸೀಮೆಯಾದ ದೋಆಬಿಗೆ ಇಳಿದ. ಸೆಪ್ಟೆಂಬರಿನ ಮಳೆ, ಎರೆಯ ಕೆಸರು. ವೆಲ್ಲೆಸ್ಲಿಯ ಪತ್ರದಲ್ಲಿ ಬರುವ ಬಿಡಾರದ ಹೆಸರು ಈಗಿನ ಸಿಂಧನೂರು ತಾಲ್ಲೂಕಿನ ಯಾಪಲಪರ್ವಿಯನ್ನೇ ಹೋಲುತ್ತದೆ. ಶತ್ರು ಒಂಬತ್ತು ಮೈಲಿ ದೂರದಲ್ಲಿದ್ದರೂ ಮಳೆ ಮತ್ತು ಕುದುರೆಗಳ ದಣಿವಿನಿಂದ ಆ ರಾತ್ರಿ ಕದಲಲಾಗಲಿಲ್ಲವೆಂದು ಅವನು ಬರೆದಿದ್ದಾನೆ. ಮರುದಿನ, ಸೆಪ್ಟೆಂಬರ್ 10ರಂದು, ಕೋಣಗಲ್ಲಿನ ಬಳಿ ನಾಲ್ಕು ಕುದುರೆ ರೆಜಿಮೆಂಟುಗಳ ಒಂದೇ ಏಟಿಗೆ ಧೋಂಡಿಯಾ ಬಿದ್ದ. ಎರಡೂವರೆ ತಿಂಗಳ ಬೆನ್ನಟ್ಟುವಿಕೆಯಲ್ಲಿ ಕದನಕ್ಕೆ ಹಿಡಿದ ಹೊತ್ತು ಅತ್ಯಲ್ಪ. ಉಳಿದದ್ದೆಲ್ಲ ಕಾಳು, ಮೇವು, ಹೊಳೆ ದಾಟುವ ಚಿಂತೆ.

ಈ ಅನುಭವವನ್ನು ವೆಲ್ಲೆಸ್ಲಿ 1803ರ ಮರಾಠಾ ಯುದ್ಧಕ್ಕೆ ಪೂರ್ತಿ ಬಳಸಿಕೊಂಡ. ನದಿಗಳು ತುಂಬಿದಾಗ ದೋಣಿಗಾಗಿ ಕಾಯಬಾರದೆಂದು ಚರ್ಮ ಹೊದಿಸಿದ ಬುಟ್ಟಿ ದೋಣಿಗಳನ್ನು, ಅಂದರೆ ಆನೆಗೊಂದಿಯಲ್ಲೂ ಕೃಷ್ಣಾ ತೀರದಲ್ಲೂ ಜನ ದಿನವೂ ಬಳಸುತ್ತಿದ್ದ ಹರಿಗೋಲುಗಳನ್ನೇ, ಮಾಡಿಸಲು ಅಳತೆ ಸಮೇತ ಆಜ್ಞೆ ಬರೆದ. ಮೈಸೂರಿನ ದಿವಾನ ಪೂರ್ಣಯ್ಯನವರು ಕಾಳು, ಎತ್ತು, ಸವಾರರನ್ನು ಹೊಂದಿಸಿಕೊಟ್ಟರು. ಅವರ ಆಡಳಿತ ಸಾಮರ್ಥ್ಯವನ್ನು ವೆಲ್ಲೆಸ್ಲಿ ಮತ್ತೆ ಮತ್ತೆ ಹೊಗಳಿದ್ದಾನೆ. ಮಾರ್ಚಿನಲ್ಲಿ ಹರಿಹರ ಬಿಟ್ಟ ಸೈನ್ಯ ಏಪ್ರಿಲ್ 20ಕ್ಕೆ ಪುಣೆಯಲ್ಲಿತ್ತು, ಸೆಪ್ಟೆಂಬರ್ 23ರಂದು ಅಸ್ಸಾಯೆಯಲ್ಲಿ ಗೆದ್ದಿತು. ಒಳ್ಳೆಯ ಎತ್ತು, ಅದನ್ನು ಚೆನ್ನಾಗಿ ನೋಡಿಕೊಳ್ಳುವ ಆಳು, ಇವಿಲ್ಲದೆ ವೇಗದ ನಡೆ ಸಾಧ್ಯವಿಲ್ಲವೆಂಬುದು ಅವನ ಪತ್ರಗಳಲ್ಲಿ ಪದೇಪದೇ ಬರುವ ಮಾತು. ಮುಂದೆ ಸ್ಪೇನಿನಲ್ಲಿ ನೆಪೋಲಿಯನ್ನನ ಸೇನಾಪತಿಗಳ ವಿರುದ್ಧ ಕಾದುವಾಗಲೂ ಅವನು ಮೈಸೂರಿನ ಎತ್ತುಗಳನ್ನು ನೆನೆದನೆಂದು ಹೇಳುತ್ತಾರೆ.

ರೈಲು, ಕಾಲುವೆಗಳು ಬಂದ ಮೇಲೂ ಈ ಸಮಸ್ಯೆಯ ತಿರುಳು ಬದಲಾಗಲಿಲ್ಲ. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಲ್ಲಿ ಕಾದಿದ ದಕ್ಷಿಣದ ಒಕ್ಕೂಟ ಅದಕ್ಕೆ ನಿದರ್ಶನ. ಯುದ್ಧದ ಆರಂಭದಲ್ಲಿ ಅದರ ಕೈಯಲ್ಲಿ ಸುಮಾರು 9,000 ಮೈಲಿ ರೈಲು ಹಾದಿ ಇತ್ತು, ರಾಜಧಾನಿ ರಿಚ್ಮಂಡಿಗೆ ಒಳನಾಡಿನ ಕಾಳು ಮತ್ತು ಕಬ್ಬಿಣ ತರುವ ಜೇಮ್ಸ್ ನದಿಯ ಕಾಲುವೆಯೂ ಇತ್ತು. ಆದರೆ ಹಳಿಗಳ ಅಗಲ ಒಂದೊಂದು ಕಡೆ ಒಂದೊಂದು. ಹಲವು ಪಟ್ಟಣಗಳಲ್ಲಿ ಒಂದು ಕಂಪನಿಯ ಹಳಿ ಇನ್ನೊಂದರ ಹಳಿಗೆ ಕೂಡುತ್ತಿರಲಿಲ್ಲ, ಸರಕನ್ನು ಇಳಿಸಿ ಗಾಡಿಯಲ್ಲಿ ಊರು ದಾಟಿಸಬೇಕಿತ್ತು. ಹೊಸ ಹಳಿ ತಯಾರಿಸುವ ಶಕ್ತಿ ಇಲ್ಲದೆ ಒಂದು ಕಡೆಯದನ್ನು ಕಿತ್ತು ಇನ್ನೊಂದು ಕಡೆಗೆ ಹಾಕಿದರು. ರೈಲು ಕಂಪನಿಗಳು ಖಾಸಗಿ. ಅವುಗಳನ್ನು ಹೊಂದಿಸಲು ನೇಮಕವಾದ ವಿಲಿಯಂ ವಾಡ್ಲಿಗಾಗಲಿ ಅವನ ನಂತರ ಬಂದ ಫ್ರೆಡರಿಕ್ ಸಿಮ್ಸ್‌ಗಾಗಲಿ ಅವುಗಳ ಮೇಲೆ ನಿಜವಾದ ಅಧಿಕಾರ ಇರಲಿಲ್ಲ. ಸರಕಾರ ಕೊಡುವ ಬಾಡಿಗೆ ಬೆಲೆ ಕಳೆದುಕೊಳ್ಳುತ್ತಿದ್ದ ಕಾಗದದ ಹಣದಲ್ಲಿ. 1863ರ ಸೆಪ್ಟೆಂಬರಿನಲ್ಲಿ ದಕ್ಷಿಣದ ಸೇನಾಪತಿ ಲಾಂಗ್‌ಸ್ಟ್ರೀಟನ ದಳವನ್ನು ವರ್ಜೀನಿಯಾದಿಂದ ಸುಮಾರು 900 ಮೈಲಿ ಸುತ್ತುದಾರಿಯಲ್ಲಿ ಸಾಗಿಸಿದಾಗ ಚಿಕಮಾಗಾ ಕದನದ ಹೊತ್ತಿಗೆ ಒಂದು ಭಾಗ ಮಾತ್ರ ಮುಟ್ಟಿತ್ತು. ದಕ್ಷಿಣದ ಕೆಲವು ಸೀಮೆಗಳಲ್ಲಿ ಮೆಕ್ಕೆಜೋಳ ಕೊಳೆಯುತ್ತಿದ್ದಾಗ ವರ್ಜೀನಿಯಾದಲ್ಲಿ ಸೈನಿಕರು ಹಸಿದಿದ್ದರು. ಕೊನೆಗೆ 1865ರ ಮಾರ್ಚಿನಲ್ಲಿ ಉತ್ತರದ ಸೇನಾಪತಿ ಶೆರಿಡನ್ನನ ಸವಾರರು ಆ ಕಾಲುವೆಯನ್ನೂ ಕೆಡಿಸಿದರು. ಖಾಸಗಿ ಸಾಗಣೆದಾರನಿಗೆ ನಗದೂ ಭದ್ರತೆಯೂ ಕೊಡಲಾಗದ, ಅವನನ್ನು ವಶಕ್ಕೆ ತೆಗೆದುಕೊಳ್ಳುವ ಧೈರ್ಯವೂ ಇಲ್ಲದ ಸರಕಾರದ ಪಾಡು ಅದು. ರೀಡ್ ಲಂಬಾಣಿ ನಾಯಕರೊಂದಿಗೆ ಮಾಡಿಕೊಂಡ ಏರ್ಪಾಡು ಇದರ ಮುಂದೆ ಎಷ್ಟೋ ಗಟ್ಟಿಯಾಗಿತ್ತು.

ಕರ್ನಾಟಕದಲ್ಲಿ ಎತ್ತಿನ ಕಾಲ ಮುಗಿದದ್ದು ಮೆಲ್ಲಗೆ. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಅಮೃತಮಹಲ್ ಮಂದೆಗಳನ್ನು ಮಾರಿಬಿಟ್ಟರು. ತಪ್ಪಿನ ಅರಿವಾಗಿ 1866ರಲ್ಲಿ ಮತ್ತೆ ಕಟ್ಟತೊಡಗಿದರು. 1871ರಲ್ಲಿ ಮುಂಬಯಿ ಕಡೆಯ ಹಳಿಯೂ ಮದರಾಸು ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದವು. ವಾರಗಟ್ಟಲೆ ನಡೆದು ತಾಂಡಾ ತರುತ್ತಿದ್ದ ಉಪ್ಪು, ಕಾಳು ಈಗ ಎರಡು ದಿನದಲ್ಲಿ ಬಂದಿಳಿಯಿತು. ನಿಧಾನವನ್ನೇ ಬಂಡವಾಳ ಮಾಡಿಕೊಂಡಿದ್ದ ಕಸುಬಿಗೆ ಅದರೊಂದಿಗೆ ಸೆಣಸುವ ದಾರಿ ಇರಲಿಲ್ಲ. ಉಪ್ಪಿನ ಮೇಲೆ ಸರಕಾರದ ಹಿಡಿತ ಬಿಗಿಯಾದದ್ದೂ ಸೇರಿ ತಾಂಡಾಗಳು ನೆಲೆ ನಿಂತವು, ಹೇರೆತ್ತುಗಳು ಕರಗಿದವು. ತಲೆಮಾರುಗಟ್ಟಲೆ ಸೈನ್ಯಗಳಿಗೆ ಕಾಳು ಹೊತ್ತ ಸಮುದಾಯದ ಹಲವು ಗುಂಪುಗಳನ್ನು ಆಮೇಲೆ ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ಪಟ್ಟಿ ಮಾಡಿ, ಊರು ಬಿಡಬೇಕಾದರೆ ಪೊಲೀಸರ ಅನುಮತಿ ಕೇಳುವಂತೆ ಮಾಡಲಾಯಿತು. ಅಲೆಯುವುದೇ ಬಾಳಾಗಿದ್ದವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇರಲಾರದು. ಸ್ವತಂತ್ರ ಭಾರತ ಆ ಕಾಯ್ದೆಯನ್ನು 1952ರಲ್ಲಿ ರದ್ದು ಮಾಡಿತು.

ಇಂದು ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಗುಡ್ಡದ ಬದಿಗಳಲ್ಲಿ, ಹಟ್ಟಿಯ ಚಿನ್ನದ ಗಣಿಯ ಸುತ್ತಮುತ್ತ, ಲಂಬಾಣಿ ತಾಂಡಾಗಳು ಅನೇಕ ಇವೆ. ಅಲ್ಲಿನ ಹಿರಿಯರ ಹಾಡುಗಳಲ್ಲಿ, ಸಂತ ಸೇವಾಲಾಲರ ಕಥೆಗಳಲ್ಲಿ ಎತ್ತಿನ ಮಂದೆಯೂ ದೂರದಾರಿಯೂ ಇನ್ನೂ ಬರುತ್ತವೆ. ಯುದ್ಧಗಳ ಇತಿಹಾಸವನ್ನು ಇಂಗ್ಲಿಷ್ ಅಧಿಕಾರಿಗಳ ಪತ್ರಗಳಿಂದ ಬರೆದದ್ದಾಗಿದೆ. ಅದೇ ಕಥೆಯನ್ನು ಹೇರು ಹೊತ್ತವರ ಕಡೆಯಿಂದ ಬರೆಯಲು ಬೇಕಾದ ಹಾಡು, ವಂಶಾವಳಿ, ನೆನಪುಗಳನ್ನು ರಾಯಚೂರು ಜಿಲ್ಲೆಯ ಕಾಲೇಜುಗಳ ಇತಿಹಾಸ ವಿಭಾಗಗಳು ಹಿರಿಯರು ಬದುಕಿರುವಾಗಲೇ ಲಂಬಾಣಿಗರ ಭಾಷೆಯಾದ ಗೋರ್‌ಬೋಲಿಯಲ್ಲೇ ದಾಖಲಿಸಿ ಇಡಬೇಕು.